ಒಣಗುವ ಹಾವಸೆ ಮತ್ತು ಅದರೊಳಗಿನ ಸೂಕ್ಷ್ಮಪ್ರಾಣಿಗಳು: ನನ್ನ ಅನುಭವ

ಕಾಡಿನ ಹಾವಸೆಯಲ್ಲಿ ನೀರುಕರಡಿಗಳನ್ನು, ಅಂದರೆ ಟಾರ್ಡಿಗ್ರೇಡ್ ಎಂಬ ಎಂಟು ಕಾಲಿನ ಸೂಕ್ಷ್ಮಪ್ರಾಣಿಗಳನ್ನು ಹುಡುಕಲು ಹೊರಟವರು ಸಾಮಾನ್ಯವಾಗಿ ಸದಾ ತೊಯ್ದು ಹಚ್ಚಗಿರುವ ಹಾವಸೆಯನ್ನೇ ಮೊದಲು ಆರಿಸಿಕೊಳ್ಳುತ್ತಾರೆ. ನಾನು ಮಾತ್ರ ಮರದ ಕಾಂಡದ ಮೇಲೆ, ಬಂಡೆಯ ನೆತ್ತಿಯ ಮೇಲೆ ಬೆಳೆದು, ಮಳೆ ನಿಂತೊಡನೆ ಒಣಗಿ ಮುದುಡುವ ಹಾವಸೆಯಿಂದ ಕೆಲಸ ಆರಂಭಿಸುತ್ತೇನೆ. ಸದಾ ಒದ್ದೆಯಾಗಿರುವ ನೆಲದ ಹಾವಸೆಯಲ್ಲಿ ದುಂಡುಹುಳುಗಳೂ ನುಸಿಗಳೂ ಧಾರಾಳವಾಗಿ ಸಿಗುತ್ತವೆ; ನೀರುಕರಡಿಗಳು ನನಗೆ ಹೆಚ್ಚಾಗಿ ಸಿಕ್ಕಿರುವುದು ನೆನೆಯುವುದೂ ಒಣಗುವುದೂ ಪಾಳಿಯಂತೆ ನಡೆಯುವ ಜಾಗಗಳಲ್ಲಿ.

ಇದರ ಕಾರಣ ಹಾವಸೆಯ ರಚನೆಯಲ್ಲೇ ಇದೆ. ಹಾವಸೆಗೆ ನಿಜವಾದ ಬೇರುಗಳಿಲ್ಲ. ಮಳೆ, ಮಂಜು, ಇಬ್ಬನಿಗಳ ನೀರನ್ನು ಅದು ಬಹುಮಟ್ಟಿಗೆ ಎಲೆಗಳಿಂದಲೇ ಹೀರಿಕೊಳ್ಳುತ್ತದೆ. ಗಾಳಿಯ ತೇವ ಇಳಿದರೆ ತಾನೂ ಒಣಗುತ್ತದೆ. ಅದರೊಳಗಿನ ನೀರುಕರಡಿ, ರೋಟಿಫರ್ ಎಂಬ ಇನ್ನೊಂದು ಬಗೆಯ ಸೂಕ್ಷ್ಮಪ್ರಾಣಿ, ದುಂಡುಹುಳುಗಳು ನೆಲದ ಮೇಲಿದ್ದರೂ ಜಲಚರಗಳೇ ಆಗಿದ್ದು, ಎಲೆ ಎಲೆಗಳ ನಡುವೆ ನಿಂತ ತೆಳುವಾದ ನೀರಿನ ಪೊರೆಯಲ್ಲಿ ಮಾತ್ರ ತಿಂದು, ಚಲಿಸಿ, ಮೊಟ್ಟೆ ಇಡಬಲ್ಲವು. ಆ ಪೊರೆ ಆರಿದಾಗ ಅವುಗಳ ಬದುಕೂ ತಾತ್ಕಾಲಿಕವಾಗಿ ನಿಲ್ಲುತ್ತದೆ. ಹೀಗೆ ನಿಂತು ಮತ್ತೆ ಆರಂಭವಾಗಬಲ್ಲ ಪ್ರಾಣಿಗಳಷ್ಟೇ ಕಾಂಡದ ಹಾವಸೆಯಲ್ಲಿ ಉಳಿಯುತ್ತವೆ.

ಮಾದರಿ ತೆಗೆಯುವಾಗ ಮೊಂಡು ಚಾಕುವಿನಿಂದ ಹೆಬ್ಬೆರಳಿನ ಗಾತ್ರದ ತುಂಡನ್ನು ಬುಡಸಮೇತ ಎಬ್ಬಿಸಿ ಕಾಗದದ ಲಕೋಟೆಗೆ ಹಾಕುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆ ಹಾವಸೆ ಕೊಳೆಯತೊಡಗಿ, ಆಮ್ಲಜನಕ ಕಡಿಮೆಯಾಗಿ, ಪ್ರಾಣಿಗಳು ಸಾಯುತ್ತವೆ. ಕಾಗದದಲ್ಲಿ ಅದು ನಿಧಾನವಾಗಿ ಒಣಗುತ್ತದೆ. ಈ ನಿಧಾನಕ್ಕೆ ಬೆಲೆ ಇದೆ. ನೀರುಕರಡಿ ತನ್ನ ಎಂಟು ಕಾಲುಗಳನ್ನು ಒಳಗೆಳೆದು, ಮೈ ಕುಗ್ಗಿಸಿ, ಜೀವಕೋಶಗಳನ್ನು ಕಾಪಾಡುವ ಪ್ರೋಟೀನ್‌ಗಳನ್ನು ಸಜ್ಜುಮಾಡಿಕೊಳ್ಳಲು ಸಮಯ ಬೇಕು. ಬಿರುಬಿಸಿಲಿನಲ್ಲಿ ದಿಢೀರನೆ ಒಣಗಿಸಿದರೆ ಅನೇಕವು ಮತ್ತೆ ಏಳುವುದಿಲ್ಲ. ಲಕೋಟೆಯ ಮೇಲೆ ದಿನಾಂಕ, ನೆಲದಿಂದ ಎತ್ತರ, ಕಾಂಡದ ಯಾವ ದಿಕ್ಕು, ತೊಗಟೆಯೋ ಕಲ್ಲೋ ಎಂಬ ವಿವರಗಳ ಜೊತೆಗೆ, ಮಳೆಯ ನಂತರ ಆ ಜಾಗ ಒಣಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೂ ಬರೆಯುತ್ತೇನೆ. ಹಾವಸೆಯ ಪ್ರಭೇದದ ಹೆಸರಿಗಿಂತ ಈ ಕೊನೆಯ ಟಿಪ್ಪಣಿಯೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಒಣ ತುಂಡನ್ನು ಪೆಟ್ರಿ ತಟ್ಟೆಯಲ್ಲಿ ತಲೆಕೆಳಗಾಗಿಟ್ಟು, ಮಳೆನೀರನ್ನು ತೆಳುವಾಗಿ ಹಾಕಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಚಿಮುಟದಿಂದ ಹಿಂಡಿ, ಉಳಿದ ಗಷ್ಟನ್ನು 20ರಿಂದ 40 ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಬೆಳಕನ್ನು ಕೆಳಗಿನಿಂದ ಸ್ವಲ್ಪ ಓರೆಯಾಗಿ ಬಿಟ್ಟರೆ ಅರೆಪಾರದರ್ಶಕ ದೇಹಗಳು ಮಣ್ಣಿನ ಕಣಗಳ ನಡುವೆ ಎದ್ದು ಕಾಣುತ್ತವೆ. ಹೆಚ್ಚಿನ ನೀರುಕರಡಿಗಳ ಉದ್ದ ಅರ್ಧ ಮಿಲಿಮೀಟರನ್ನೂ ಮೀರುವುದಿಲ್ಲ. ಅವು ಎಚ್ಚರಗೊಳ್ಳುವುದನ್ನು ನೋಡಬೇಕಾದರೆ ರಾತ್ರಿ ಕಾಯದೆ ನೀರು ಹಾಕಿದ ಕೂಡಲೇ ಕುಳಿತುಕೊಳ್ಳಬೇಕು: ಸುಕ್ಕುಗಟ್ಟಿದ ಕಣವೊಂದು ಉಬ್ಬಿ, ಮಡಿಕೆಗಳು ಬಿಡಿಸಿಕೊಂಡು, ಕಾಲುಗಳು ಹೊರಬಂದು, ಉಗುರುಗಳು ಆಸರೆ ಸಿಗದೆ ಗಾಜನ್ನು ಕೆರೆಯತೊಡಗುತ್ತವೆ. ರೋಟಿಫರ್‌ಗಳು ಬಹುತೇಕ ಅವುಗಳಿಗಿಂತ ಮೊದಲೇ ಎದ್ದು ಜಿಗಣೆಯಂತೆ ಮೈಯನ್ನು ಚಾಚಿ ಕುಗ್ಗಿಸಿ ಸರಿಯುತ್ತಿರುತ್ತವೆ. ಹಾವಸೆಯಲ್ಲಿ ಹೇರಳವಾಗಿರುವ ಡೆಲಾಯ್ಡ್ ಗುಂಪಿನ ಈ ರೋಟಿಫರ್‌ಗಳಲ್ಲಿ ಗಂಡುಗಳೇ ಕಂಡುಬಂದಿಲ್ಲ. ಒಣಗಿದ ಧೂಳಿನಿಂದ ರೋಟಿಫರ್‌ಗಳು ಹೀಗೆ ಮರಳಿ ಚಲಿಸುವುದನ್ನು ಡಚ್ ಸೂಕ್ಷ್ಮದರ್ಶಕ ತಜ್ಞ ಲೇವೆನ್‌ಹುಕ್ 1702ರಷ್ಟು ಹಿಂದೆಯೇ ನೋಡಿದ್ದರು. ನೀರುಕರಡಿಯನ್ನು ಜರ್ಮನ್ ಪ್ರಾಣಿಶಾಸ್ತ್ರಜ್ಞ ಗೋಟ್ಜೆ ವಿವರಿಸಿದ್ದು 1773ರಲ್ಲಿ.

ಯಾರು ಯಾರನ್ನು ತಿನ್ನುತ್ತಾರೆ ಎಂಬುದನ್ನು ತಿಳಿಯಲು ಬೇಟೆಯನ್ನೇ ಕಾದು ಕೂರಬೇಕಾಗಿಲ್ಲ, ಕರುಳನ್ನು ನೋಡಿದರೆ ಸಾಕಾಗುತ್ತದೆ. ರೋಟಿಫರ್‌ಗಳು ಬ್ಯಾಕ್ಟೀರಿಯಾ ಮತ್ತು ಸೂಕ್ಷ್ಮ ಶೈವಲಗಳನ್ನು ಸೋಸಿ ತಿನ್ನುತ್ತವೆ. ಅನೇಕ ನೀರುಕರಡಿಗಳು ಬಾಯಿಯೊಳಗಿನ ಎರಡು ಸೂಜಿಗಳಿಂದ ಸಸ್ಯಕೋಶಗಳನ್ನು ಚುಚ್ಚಿ ರಸ ಹೀರುವುದರಿಂದ ಅವುಗಳ ಕರುಳು ಹಸಿರಾಗಿರುತ್ತದೆ. ಮಿಲ್ನೇಸಿಯಂ ಎಂಬ ಕುಲದ ನೀರುಕರಡಿ ಬೇಟೆಗಾರ. 400 ಪಟ್ಟು ದೊಡ್ಡದಾಗಿಸಿ ನೋಡಿದಾಗ ಅದರ ಹೊಟ್ಟೆಯಲ್ಲಿ ಜೀರ್ಣವಾಗದೆ ಉಳಿದ ರೋಟಿಫರ್ ದವಡೆಗಳು ಜೋಡಿಜೋಡಿಯಾಗಿ ಕಾಣುತ್ತವೆ. ಅವನ್ನು ಎಣಿಸಿದರೆ ಇತ್ತೀಚಿನ ಊಟದ ಲೆಕ್ಕವೇ ಸಿಗುತ್ತದೆ. ಮಿಲ್ನೇಸಿಯಂ ತಾನು ಕಳಚಿದ ಪೊರೆಯೊಳಗೆ ನುಣುಪಾದ ಮೊಟ್ಟೆಗಳನ್ನು ಬಿಟ್ಟುಹೋಗುತ್ತದೆ. ಮ್ಯಾಕ್ರೋಬಯೋಟಸ್ ಎಂಬ ಇನ್ನೊಂದು ಕುಲದ ನೀರುಕರಡಿಗಳು ಚಾಚಿಕೆಗಳಿಂದ ಅಲಂಕೃತವಾದ ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಡುತ್ತವೆ, ಮತ್ತು ಪ್ರಭೇದ ಗುರುತಿಸಲು ಎಷ್ಟೋ ಸಲ ಆ ಮೊಟ್ಟೆಯೇ ಬೇಕಾಗುತ್ತದೆ. ಆದ್ದರಿಂದ ಗಷ್ಟನ್ನು ಅವಸರದಿಂದ ಚೆಲ್ಲುವುದಿಲ್ಲ.

ಎಣಿಕೆಯಲ್ಲಿ ಎರಡು ಎಚ್ಚರಿಕೆಗಳನ್ನು ಪಾಲಿಸುತ್ತೇನೆ. ಒಂದೇ ಹಾವಸೆಯ ದಿಂಡಿನಲ್ಲಿ ಅಕ್ಕಪಕ್ಕದ ತುಂಡುಗಳ ಸಂಖ್ಯೆಗಳೂ ವಿಪರೀತ ಬೇರೆಯಾಗಿರುವುದರಿಂದ ಅವನ್ನೆಲ್ಲ ಸೇರಿಸಿ ಒಂದು ಮಾದರಿ ಮಾಡದೆ, ಪ್ರತಿ ತುಂಡನ್ನು ಒಣಗಿಸಿ ತೂಗಿ, ಗ್ರಾಂ ಲೆಕ್ಕದಲ್ಲಿ ಪ್ರತ್ಯೇಕವಾಗಿ ಬರೆಯುತ್ತೇನೆ. ಎರಡನೆಯದಾಗಿ, ನಿಂತ ನೀರಿನಲ್ಲಿ ಆಮ್ಲಜನಕ ಇಳಿದಾಗ ನೀರುಕರಡಿಗಳು ಕಾಲು ಚಾಚಿ, ಸೆಟೆದು, ಸತ್ತಂತೆ ಕಾಣುತ್ತವೆ. ತಾಜಾ ನೀರು ಬದಲಿಸಿ ಕಾದರೆ ಕೆಲವು ಚೇತರಿಸಿಕೊಳ್ಳುತ್ತವೆ. ಹೀಗೆ ಕಾಯದೆ ಬರೆದ ಸಾವಿನ ಸಂಖ್ಯೆಗೆ ಅರ್ಥವಿಲ್ಲ.

ಲಕೋಟೆಗಳನ್ನು ಎಷ್ಟು ಕಾಲ ಇಡಬಹುದು ಎಂದು ಹಲವರು ಕೇಳುತ್ತಾರೆ. ಒಣ ಹಾವಸೆಯಿಂದ ನೂರು ವರ್ಷಗಳ ಬಳಿಕ ನೀರುಕರಡಿ ಎದ್ದಿತೆಂಬ ಜನಪ್ರಿಯ ಮಾತನ್ನು ನಾನು ನಂಬುವುದಿಲ್ಲ. 1983ರಲ್ಲಿ ಅಂಟಾರ್ಕ್ಟಿಕದಿಂದ ತಂದ ಹಾವಸೆಯಲ್ಲಿದ್ದ ನೀರುಕರಡಿಗಳು 2014ರಲ್ಲಿ ಚೇತರಿಸಿಕೊಂಡದ್ದು ನಿಜ, ಆದರೆ ಆ ಹಾವಸೆಯನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಿಸಿ ಇಡಲಾಗಿತ್ತು. ಸಾಧಾರಣ ಕೋಣೆಯಲ್ಲಿಟ್ಟ ಲಕೋಟೆಯಲ್ಲಿ ಕಾಲ ಕಳೆದಂತೆ ಏಳುವವುಗಳ ಸಂಖ್ಯೆ ಇಳಿಯುತ್ತದೆ, ಏಳುವವು ತೆಗೆದುಕೊಳ್ಳುವ ಹೊತ್ತೂ ಹೆಚ್ಚುತ್ತದೆ. ಹಾಗಾಗಿ ಪರಸ್ಪರ ಹೋಲಿಸಬೇಕಾದ ಮಾದರಿಗಳನ್ನು ಒಂದೇ ಅವಧಿಯವರೆಗೆ ಒಣಗಿಸಿಟ್ಟು, ಒಂದೇ ದಿನ ನೆನೆಹಾಕುತ್ತೇನೆ.

ಈಗ ತುಂಡುಗಳನ್ನು ಕತ್ತರಿಯಿಂದ ಹಸಿರು ತುದಿ, ಕಂದು ನಡುಭಾಗ, ಮಣ್ಣು ಹಿಡಿದ ಬುಡ ಎಂದು ಮೂರು ಪದರಗಳಾಗಿ ಬೇರ್ಪಡಿಸಿ ನೆನೆಸುತ್ತಿದ್ದೇನೆ. ತುದಿ ಮೊದಲು ಒಣಗುತ್ತದೆ, ಬುಡದಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ. ದುಂಡುಹುಳುಗಳು ನನ್ನ ತಟ್ಟೆಗಳಲ್ಲಿ ಬುಡದಲ್ಲೇ ಹೆಚ್ಚಾಗಿ ಸಿಗುತ್ತಿವೆ. ಆದರೆ ಲಕೋಟೆಯಲ್ಲಿ ಒಣಗುವಾಗ ಪ್ರಾಣಿಗಳು ತೇವವನ್ನು ಅರಸಿ ಕೆಳಗಿಳಿಯುವ ಸಾಧ್ಯತೆ ಇರುವುದರಿಂದ, ಪದರಗಳನ್ನು ಕಾಡಿನಲ್ಲೇ ಕತ್ತರಿಸಿ ಬೇರೆ ಬೇರೆ ಲಕೋಟೆಗಳಿಗೆ ಹಾಕುವ ಕ್ರಮವನ್ನು ಅನುಸರಿಸುತ್ತಿದ್ದೇನೆ.