ಹತ್ತು ಸಿಂಪಡಣೆ, ಹತ್ತು ಪಿ-ವ್ಯಾಲ್ಯೂ: ಯಾವುದನ್ನು ನಂಬೋದು?

ಕಾಫಿ ತೋಟದಲ್ಲಿ ಪ್ರಯೋಗ ಮುಗಿಸಿ ಎಕ್ಸೆಲ್ ಶೀಟ್ ಮುಂದೆ ಕೂತವರಿಗಾಗಿ ಇದು. ಮೂಡಿಗೆರೆ ಕಡೆಯ ಒಂದು ತೋಟ ಅಂದುಕೊಳ್ಳಿ. ಎಲೆಗೆ ಸಿಂಪಡಿಸುವ ಹತ್ತು ಬಗೆಯ ಗೊಬ್ಬರ ತಂದಿದ್ದೀರಿ. ಒಂದೊಂದನ್ನೂ ಏನೂ ಸಿಂಪಡಿಸದ ಗಿಡಗಳ ಜೊತೆ ಹೋಲಿಸಿ ಇಳುವರಿಯಲ್ಲಿ ವ್ಯತ್ಯಾಸ ಬಂತಾ ಅಂತ ಟೆಸ್ಟ್ ಮಾಡಿದ್ದೀರಿ. ಹತ್ತು ಪಿ-ವ್ಯಾಲ್ಯೂ ಬಂದಿವೆ (ಗೊಬ್ಬರದಿಂದ ಏನೂ ಆಗದಿದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆಯೇ ಪಿ-ವ್ಯಾಲ್ಯೂ), ಅದರಲ್ಲಿ ಏಳು 0.05ಕ್ಕಿಂತ ಕಡಿಮೆ, ಅಂದರೆ ಪಾಸ್. ತೋಟದ ಯಜಮಾನರು ಕೇಳುತ್ತಾರೆ, "ಹಾಗಾದ್ರೆ ಏಳನ್ನೂ ತರಿಸ್ಲಾ?"

ತಡೀರಿ, ಇನ್ನೂ ತರಿಸಬೇಡಿ ಅನ್ನಿ.

0.05 ಅನ್ನುವ ಗೆರೆ ಒಂದೇ ಒಂದು ಟೆಸ್ಟಿಗೆ ಹಾಕಿದ್ದು. ಗೊಬ್ಬರದಿಂದ ಏನೂ ಆಗದಿದ್ದರೂ ಏನೋ ಆಗಿದೆ ಅಂತ ತೋರುವ ಅಪಾಯ ನೂರಕ್ಕೆ 5. ಈಗ ಹತ್ತು ಡಬ್ಬಿಯಲ್ಲೂ ಇದ್ದದ್ದು ಬರೀ ನೀರೇ ಅಂದುಕೊಳ್ಳಿ. ಟೆಸ್ಟುಗಳು ಒಂದಕ್ಕೊಂದು ಸಂಬಂಧ ಇಲ್ಲದವಾದರೆ, ಒಂದಾದರೂ ಸುಳ್ಳೇ ಪಾಸಾಗುವ ಸಾಧ್ಯತೆ ಸುಮಾರು 40 ಪರ್ಸೆಂಟ್ (0.95ನ್ನು ಹತ್ತು ಸಲ ಗುಣಿಸಿ 1ರಿಂದ ಕಳೆಯಿರಿ, ಅಷ್ಟೇ). 20 ಟೆಸ್ಟ್ ಆದರೆ 64, 40 ಆದರೆ 87.

ಮೊದಲ ಕೆಲಸ, ನಿಜವಾಗಿ ಎಷ್ಟು ಟೆಸ್ಟ್ ಮಾಡಿದ್ದೀರಿ ಅಂತ ಎಣಿಸೋದು. ಎಲ್ಲರೂ ಎಡವೋದು ಇಲ್ಲೇ, ಸೂತ್ರದಲ್ಲಿ ಅಲ್ಲ. ಹತ್ತು ಗೊಬ್ಬರ ಅಂತೀರಿ, ಆದರೆ ಅರೇಬಿಕಾಗೆ ಬೇರೆ ನೋಡಿದ್ದೀರಿ, ರೋಬಸ್ಟಾಗೆ ಬೇರೆ ನೋಡಿದ್ದೀರಿ. ಅಲ್ಲಿಗೆ 20. ಮೊದಲ ವರ್ಷ ಒಂದು ಸಲ, ಎರಡನೇ ವರ್ಷ ಇನ್ನೊಂದು ಸಲ. 40 ಆಯ್ತು. ಇಳುವರಿಯಲ್ಲಿ ಏನೂ ಕಾಣಲಿಲ್ಲ ಅಂತ ಕಾಳಿನ ಗಾತ್ರ ನೋಡಿದ್ರಾ? ಅದೂ ಲೆಕ್ಕಕ್ಕೆ ಸೇರುತ್ತದೆ. ಸರಿ ಬರಲಿಲ್ಲ ಅಂತ ಡಿಲೀಟ್ ಮಾಡಿದ ಶೀಟ್ ಕೂಡ. 40 ಟೆಸ್ಟ್ ಮಾಡಿ ವರದಿಯಲ್ಲಿ ಹತ್ತು ಅಂತ ಬರೆದರೆ ಆಮೇಲೆ ಟೆಸ್ಟಿನ ಸಂಖ್ಯೆಗೆ ತಕ್ಕಂತೆ 0.05ರ ಗೆರೆಯನ್ನು ಬಿಗಿ ಮಾಡುವ ಯಾವ ತಿದ್ದುಪಡಿ ಹಾಕಿದರೂ ದಂಡ. ಅದಕ್ಕೇ ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆಯೇ ಒಂದು ಹಾಳೆಯಲ್ಲಿ ಬರೆದಿಡಿ: ಏನು ಅಳೆಯುತ್ತೇವೆ, ಯಾವಾಗ, ಯಾವುದರ ಜೊತೆ ಹೋಲಿಸುತ್ತೇವೆ. ಮುಖ್ಯ ಪ್ರಶ್ನೆ ಯಾವುದು, ಸುಮ್ನೆ ಕುತೂಹಲಕ್ಕೆ ನೋಡೋದು ಯಾವುದು ಅಂತ ಬೇರೆ ಮಾಡಿ. ಮುಖ್ಯವಾದವು ಒಂದು ಗುಂಪು, ಉಳಿದವು ಇನ್ನೊಂದು. ಗುಂಪು ಮಾಡುವುದು ತಪ್ಪಲ್ಲ, ಫಲಿತಾಂಶ ನೋಡಿದ ಮೇಲೆ ಗುಂಪು ಮಾಡೋದು ತಪ್ಪು.

ಈಗ ಲೆಕ್ಕ. ಹತ್ತು ಪಿ-ವ್ಯಾಲ್ಯೂಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಉದಾಹರಣೆಗೆ ನಾನೇ ಮಾಡಿಕೊಂಡ ಅಂಕಿಗಳು ಇವು:

0.001, 0.004, 0.006, 0.021, 0.024, 0.028, 0.041, 0.18, 0.42, 0.77

ಬಾನ್‌ಫೆರೋನಿ ವಿಧಾನ ಸುಲಭ. 0.05ನ್ನು ಟೆಸ್ಟಿನ ಸಂಖ್ಯೆಯಿಂದ ಭಾಗಿಸಿ. ಹತ್ತಕ್ಕೆ 0.005. ಅದರೊಳಗೆ ಬಂದದ್ದು ಎರಡೇ. ಏಳಿದ್ದದ್ದು ಎರಡಕ್ಕೆ ಇಳಿಯಿತು.

1979ರಲ್ಲಿ ಹೋಲ್ಮ್ ಕೊಟ್ಟ ವಿಧಾನ ಸ್ವಲ್ಪ ಉದಾರಿ. ಮೊದಲನೆಯದಕ್ಕೆ 0.05ನ್ನು 10ರಿಂದ ಭಾಗಿಸಿ, ಎರಡನೆಯದಕ್ಕೆ 9ರಿಂದ, ಮೂರನೆಯದಕ್ಕೆ 8ರಿಂದ, ಹೀಗೇ ಇಳಿಯಿರಿ. ಮೂರನೆಯದರ ಗಡಿ 0.00625, ನಮ್ಮ 0.006 ಪಾಸ್. ನಾಲ್ಕನೆಯದರ ಗಡಿ ಸುಮಾರು 0.0071, 0.021 ಫೇಲ್. ಫೇಲ್ ಆದ ತಕ್ಷಣ ನಿಲ್ಲಿಸಬೇಕು, ಮುಂದಿನವನ್ನು ನೋಡುವ ಹಾಗೇ ಇಲ್ಲ. ಸಿಕ್ಕಿದ್ದು ಮೂರು. ಎರಡೂ ವಿಧಾನ ಕೊಡುವ ಭರವಸೆ ಒಂದೇ: ಒಂದಾದರೂ ಸುಳ್ಳು ನುಸುಳುವ ಅಪಾಯ 5 ಪರ್ಸೆಂಟ್ ದಾಟಲ್ಲ. ಹಾಗಾಗಿ ಪಾಸ್-ಫೇಲ್ ಅಷ್ಟೇ ಬೇಕಿದ್ದರೆ ಬಾನ್‌ಫೆರೋನಿ ಹಿಡಿದು ಕೂರೋಕೆ ನನಗಂತೂ ಕಾರಣ ಕಾಣಲ್ಲ.

ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ಪ್ರಶ್ನೆಯನ್ನೇ ಬದಲಿಸಿದರು. ಒಂದೂ ಸುಳ್ಳು ಇರಬಾರದು ಅಂತ ಹಟ ಹಿಡಿಯುವ ಬದಲು, ಆಯ್ದ ಪಟ್ಟಿಯಲ್ಲಿ ಸುಳ್ಳಿನ ಪಾಲು ಸರಾಸರಿ 5 ಪರ್ಸೆಂಟ್ ಮೀರದಿದ್ದರೆ ಸಾಕು ಅಂದರು. ಇಲ್ಲಿ ಗಡಿ ಏರುತ್ತಾ ಹೋಗುತ್ತದೆ: ಸಾಲಿನಲ್ಲಿ ಎಷ್ಟನೆಯದೋ ಅದನ್ನು ಹತ್ತರಿಂದ ಭಾಗಿಸಿ 0.05ರಿಂದ ಗುಣಿಸಿ. ಅಂದರೆ 0.005, 0.010, 0.015, 0.020, 0.025, 0.030, ಹೀಗೆ. ಸಾಲಿನ ಕೊನೆಯ ದೊಡ್ಡ ಅಂಕಿಯಿಂದ ಚಿಕ್ಕದರ ಕಡೆಗೆ ನೋಡುತ್ತಾ ಬನ್ನಿ, ಮೊದಲು ಪಾಸಾದದ್ದೂ ಅದಕ್ಕಿಂತ ಚಿಕ್ಕವೂ ಎಲ್ಲ ಪಾಸ್. ಕೊನೆಯ ಮೂರು ಫೇಲ್. ಏಳನೆಯ 0.041ಕ್ಕೆ ಗಡಿ 0.035, ಫೇಲ್. ಆರನೆಯ 0.028ಕ್ಕೆ ಗಡಿ 0.030, ಪಾಸ್. ಅಲ್ಲಿಗೆ ಮೊದಲ ಆರೂ ಪಾಸ್. ನಾಲ್ಕನೆಯ 0.021 ತನ್ನ ಗಡಿಯಾದ 0.020ನ್ನು ದಾಟಿದೆಯಲ್ಲ, ಅದೂ ಪಾಸಾ? ಹೌದು, ಅದೂ ಪಾಸ್. ಬಹಳ ಜನ ಇದನ್ನೂ ಹೋಲ್ಮ್ ಥರ ಚಿಕ್ಕದರ ಕಡೆಯಿಂದ ನೋಡಿ, ನಾಲ್ಕನೆಯದರಲ್ಲೇ ನಿಂತು ಮೂರು ಅಂತ ಬರೆದುಬಿಡುತ್ತಾರೆ.

ಹಾಗಾದ್ರೆ ಮೂರಾ, ಆರಾ? ಸುಳ್ಳು ನಂಬಿದರೆ ಎಷ್ಟು ನಷ್ಟ ಅನ್ನೋದರ ಮೇಲೆ ಹೋಗುತ್ತದೆ. ಮುಂದಿನ ವರ್ಷ ಮತ್ತೆ ಪ್ರಯೋಗಕ್ಕೆ ಯಾವುದನ್ನು ಉಳಿಸಿಕೊಳ್ಳಲಿ ಅನ್ನೋ ಪ್ರಶ್ನೆಯಾದರೆ ಆರನ್ನೂ ಇಟ್ಟುಕೊಳ್ಳಿ. ಒಂದು ಸುಳ್ಳಾದರೂ ಮುಂದಿನ ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ, ಒಳ್ಳೆಯದನ್ನು ಕಳೆದುಕೊಂಡರೆ ಅದು ವಾಪಸ್ ಬರಲ್ಲ. ಆದರೆ ಪ್ರಶ್ನೆ ಗೊಬ್ಬರದ್ದಲ್ಲದೆ ತಳಿಯದ್ದಾಗಿದ್ದರೆ? ಕಾಫಿ ಗಿಡ ನೆಟ್ಟರೆ ಫಸಲು ಕಾಣೋಕೇ ಮೂರ್ನಾಲ್ಕು ವರ್ಷ ಬೇಕು, ಆಮೇಲೆ ದಶಕಗಟ್ಟಲೆ ಅದೇ ಗಿಡದ ಜೊತೆ ಬದುಕಬೇಕು. ಅಂಥ ಶಿಫಾರಸಿಗೆ ಹೋಲ್ಮ್ ವಿಧಾನವೇ ಸರಿ.

ಇನ್ನೊಂದು ಸಂಗತಿ. ನಮ್ಮ ಹತ್ತೂ ಹೋಲಿಕೆಗಳಲ್ಲಿ ಸಿಂಪಡಿಸದ ಗಿಡಗಳು ಅವೇ. ಹಾಗಾಗಿ ಟೆಸ್ಟುಗಳು ಒಂದಕ್ಕೊಂದು ಅಂಟಿಕೊಂಡಿವೆ, 40 ಪರ್ಸೆಂಟ್ ಅನ್ನೋ ಲೆಕ್ಕ ಇಲ್ಲಿ ಕರಾರುವಾಕ್ಕಲ್ಲ. ಹೋಲ್ಮ್ ವಿಧಾನಕ್ಕೆ ಇದರಿಂದ ತೊಂದರೆ ಇಲ್ಲ. ಒಂದೇ ಕಂಟ್ರೋಲ್ (ನಮ್ಮಲ್ಲಿ ಸಿಂಪಡಿಸದ ಗಿಡಗಳು) ಜೊತೆ ಹಲವನ್ನು ಹೋಲಿಸುವುದಕ್ಕೆಂದೇ ಡನೆಟ್ 1955ರಲ್ಲಿ ಒಂದು ಟೆಸ್ಟ್ ಕೊಟ್ಟಿದ್ದಾರೆ, ಇಂಥ ಪ್ರಯೋಗಕ್ಕೆ ಅದೂ ಹೇಳಿ ಮಾಡಿಸಿದ್ದು. ಟೆಸ್ಟುಗಳ ನಡುವೆ ಯಾವ ಥರದ ನಂಟು ಇದ್ದರೂ ನಡೆಯಬೇಕು ಅಂದರೆ ಬೆಂಜಮಿನಿ-ಯೆಕುತಿಯೆಲಿ 2001ರ ವಿಧಾನ ಇದೆ. ಆದರೆ ಅದು ತೀರಾ ಬಿಗಿ, ನಮ್ಮ ಪಟ್ಟಿಯಲ್ಲಿ ಒಂದೇ ಉಳಿಯುತ್ತದೆ.

ಪಿ-ವ್ಯಾಲ್ಯೂನೇ ಕೆಟ್ಟಿದ್ದರೆ ಇದ್ಯಾವುದೂ ಉಪಯೋಗಕ್ಕೆ ಬರಲ್ಲ. ಒಂದು ಗೊಬ್ಬರ ಪೂರ್ತಿ ಸಿಲ್ವರ್ ಓಕ್ ನೆರಳಿಗೆ, ಇನ್ನೊಂದು ಬಿಸಿಲಿನ ಇಳಿಜಾರಿಗೆ ಬಿದ್ದಿದ್ದರೆ ನೀವು ಅಳೆದದ್ದು ನೆರಳನ್ನು. ಅರೇಬಿಕಾ ಒಂದು ವರ್ಷ ಜೋರು, ಮರುವರ್ಷ ಕಡಿಮೆ ಬಿಡೋದು ಗೊತ್ತಿದ್ದದ್ದೇ, ಅದನ್ನೂ ಗಮನದಲ್ಲಿಡಿ.

ಕೈಲಿ ಮಾಡೋದು ಬೇಡ ಅಂದರೆ ಆರ್ (R) ಅನ್ನೋ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಪಿ.ಅಡ್ಜಸ್ಟ್ (p.adjust) ಅನ್ನೋ ಫಂಕ್ಷನ್ ಇದೆ. ವಿಧಾನದ ಹೆಸರು ಕೊಡದಿದ್ದರೆ ಅದು ಹೋಲ್ಮ್ ಹಾಕುತ್ತದೆ, ಬೆಂಜಮಿನಿ-ಹಾಕ್‌ಬರ್ಗ್ ಬೇಕಿದ್ದರೆ ಬಿಎಚ್ (BH) ಅಂತ ಹೇಳಬೇಕು. ಬಿಎಚ್ ಹಾಕಿದಾಗ ನಮ್ಮ ನಾಲ್ಕು, ಐದು, ಆರನೆಯವು ಮೂರಕ್ಕೂ 0.0467 ಅಂತಲೇ ಬರುತ್ತದೆ. ಗಾಬರಿ ಬೇಡ, ಸಾಫ್ಟ್‌ವೇರ್ ಕೆಟ್ಟಿಲ್ಲ, ಮೇಲೆ ಹೇಳಿದ ನಿಯಮದಿಂದಲೇ ಹಾಗಾಗೋದು. 0.05ಕ್ಕಿಂತ ಕಡಿಮೆ ಇದ್ದ ಏಳನ್ನು ಮಾತ್ರ ಆರಿಸಿ ಫಂಕ್ಷನ್‌ಗೆ ಕೊಡಬೇಡಿ, ಹಾಗೆ ಕೊಟ್ಟರೆ ಬಿಎಚ್‌ನಲ್ಲಿ ಏಳೂ ಪಾಸ್ ಅಂತ ಬರುತ್ತದೆ. ಹತ್ತನ್ನೂ ಕೊಡಿ. ವರದಿಯ ಕೋಷ್ಟಕದಲ್ಲೂ ಹತ್ತೂ ಇರಲಿ, ಮೂಲ ಪಿ-ವ್ಯಾಲ್ಯೂ ಒಂದು ಕಾಲಂ, ತಿದ್ದಿದ್ದು ಪಕ್ಕದಲ್ಲಿ, ಕೆಳಗೆ ಯಾವ ವಿಧಾನ ಮತ್ತು ಒಟ್ಟು ಎಷ್ಟು ಟೆಸ್ಟ್ ಅಂತ ಒಂದು ಸಾಲು.