ಆಟಗಾರ ಕೇಳದ ಚಲನೆ: ನಮ್ಮ ಆಟದಲ್ಲಿ ತಲೆಸುತ್ತು ಇಳಿದದ್ದು ಹೇಗೆ

ಮೊದಲ ಬಿಲ್ಡ್ (ಆಡಿ ನೋಡಲು ಕಟ್ಟಿದ ಆವೃತ್ತಿ) ಆಡಿದ ಹನ್ನೆರಡು ಜನರಲ್ಲಿ ಐದು ಜನ ತಲೆಸುತ್ತಿ ಇಪ್ಪತ್ತು ನಿಮಿಷದೊಳಗೆ ಆಟ ಬಿಟ್ಟೆದ್ದರು. ಕೊನೆಯ ಬಿಲ್ಡ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಜನರ ಪೈಕಿ ಎದ್ದವರು ಒಬ್ಬರೇ, ಅದೂ ಮುಕ್ಕಾಲು ಗಂಟೆ ಆಡಿದ ಮೇಲೆ. ಈ ಎರಡರ ನಡುವೆ ಲೆವೆಲ್‌ಗಳನ್ನಾಗಲಿ ಓಟದ ವೇಗವನ್ನಾಗಲಿ ಮುಟ್ಟಲಿಲ್ಲ. ಬದಲಾದದ್ದು ಕ್ಯಾಮೆರಾ, ಅಂದರೆ ಆಟದ ಲೋಕವನ್ನು ಆಟಗಾರನಿಗೆ ತೋರಿಸುವ ಕಣ್ಣು, ಮತ್ತು ಅದಕ್ಕೆ ಇನ್‌ಪುಟ್ ಮುಟ್ಟುವ ದಾರಿ. ಕ್ಯಾಮೆರಾ ಅಲ್ಲಾಡದಿದ್ದರೆ ಪಾತ್ರಕ್ಕೆ ಜೀವವೇ ಇರುವುದಿಲ್ಲ ಎಂದು ಅನಿಮೇಷನ್ ತಂಡ ಕೊನೆಯವರೆಗೂ ಪಟ್ಟು ಹಿಡಿದಿತ್ತು. ಈಗ ಅವರೇ ಹೊಸ ದೃಶ್ಯಗಳಿಗೆ ಇದೇ ಲೆಕ್ಕ ಹಾಕಿ ತರುತ್ತಾರೆ. ಹಾಗಾಗಿ ಬರೆದಿಡುತ್ತಿದ್ದೇನೆ.

ವಿಧಾನ ಸರಳ. ಪ್ರತಿ ಫ್ರೇಮಿನಲ್ಲೂ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರದಲ್ಲೂ) ಎರಡು ಸಂಖ್ಯೆ ಫೈಲಿಗೆ ಬರೆಯಿರಿ: ಮೌಸ್ ಅಥವಾ ಗೇಮ್ ಕಂಟ್ರೋಲರ್‌ನ ಸ್ಟಿಕ್ ಎಷ್ಟು ಡಿಗ್ರಿ ತಿರುಗು ಎಂದಿತು, ಕ್ಯಾಮೆರಾ ನಿಜವಾಗಿ ಎಷ್ಟು ತಿರುಗಿತು. ಎಡ-ಬಲ, ಮೇಲೆ-ಕೆಳಗೆ, ಓರೆ ಮೂರಕ್ಕೂ ಬೇರೆ ಬೇರೆ ಕಾಲಂ. ಜೊತೆಗೆ ನೆಲದಿಂದ ಕ್ಯಾಮೆರಾದ ಎತ್ತರ. ಕೇಳಿದ್ದಕ್ಕೂ ಆದದ್ದಕ್ಕೂ ಇರುವ ವ್ಯತ್ಯಾಸವೇ ಆಟಗಾರ ಕೇಳದ ಚಲನೆ. ಅದನ್ನು ಗ್ರಾಫ್ ಮಾಡಿ, ಆಡುವವರು ಆಕಳಿಸಿದ, ಉಗುಳು ನುಂಗಿದ, ಪರದೆಯಿಂದ ಕಣ್ಣು ತೆಗೆದ ಹೊತ್ತನ್ನು ಅದರ ಮೇಲೆ ಗುರುತು ಹಾಕಿ. ಆಮೇಲೆ ಮೂಲಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಬನ್ನಿ. ನಮ್ಮಲ್ಲಿ ಅಂಥ ಮೂಲಗಳು ಹನ್ನೊಂದೋ ಹನ್ನೆರಡೋ ಸಿಕ್ಕವು. ಕ್ಯಾಮೆರಾ ಕೋಡ್ ಬರೆದವರು ಹೇಳಿದ್ದು ನಾಲ್ಕು.

ಈ ಲೆಕ್ಕಕ್ಕೆ ಬರುವ ಮೊದಲು ಸುರಿದ ಹಣ ಈಗಲೂ ಹೊಟ್ಟೆ ಉರಿಸುತ್ತದೆ. ಫ್ರೇಮ್ ರೇಟ್ ಹೆಚ್ಚಿಸಿದರೆ ಸಾಕು ಎಂದುಕೊಂಡು ಸೆಕೆಂಡಿಗೆ 144 ಫ್ರೇಮ್ ತೋರಿಸುವ ಐದು 144 ಹರ್ಟ್ಸ್ ಮಾನಿಟರ್ ತಂದೆವು. ತಲೆಸುತ್ತು ಸ್ವಲ್ಪವೂ ಇಳಿಯಲಿಲ್ಲ. ಕಾರಣ ಗೊತ್ತಾಗಲು ಇನ್ನೂ ಮೂರು ವಾರ ಬೇಕಾಯಿತು. ನಮ್ಮ ಪಾತ್ರ ಓಡುತ್ತಿದ್ದದ್ದು ಫಿಸಿಕ್ಸ್‌ನಲ್ಲಿ, ಅಂದರೆ ಚಲನೆ, ಡಿಕ್ಕಿಗಳನ್ನು ಲೆಕ್ಕ ಹಾಕುವ ಭಾಗದಲ್ಲಿ. ನಾವು ಬಳಸುವ ಗೇಮ್ ಎಂಜಿನ್ ಯೂನಿಟಿಯಲ್ಲಿ ಫಿಕ್ಸೆಡ್ ಟೈಮ್‌ಸ್ಟೆಪ್‌ನ (ಆ ಲೆಕ್ಕದ ಎರಡು ಹೆಜ್ಜೆಗಳ ನಡುವಿನ ಸಮಯದ) ಡೀಫಾಲ್ಟ್ 0.02 ಸೆಕೆಂಡ್, ಅಂದರೆ ಸೆಕೆಂಡಿಗೆ 50 ಹೆಜ್ಜೆ. 60 ಹರ್ಟ್ಸ್ ಪರದೆಯಲ್ಲಿ ಆರು ಫ್ರೇಮಿಗೊಮ್ಮೆ ಪಾತ್ರ ಇದ್ದಲ್ಲೇ ನಿಲ್ಲುತ್ತದೆ, ಸೆಕೆಂಡಿಗೆ ಹತ್ತು ಸಲ. 144ರಲ್ಲಾದರೆ ಸೆಕೆಂಡಿನ 94 ಫ್ರೇಮ್‌ಗಳಲ್ಲಿ ಜಾಗ ಬದಲಾಗುವುದೇ ಇಲ್ಲ. ನೋಟ ಮಾತ್ರ ಪ್ರತಿ ಫ್ರೇಮಿನಲ್ಲೂ ತಿರುಗುತ್ತಿತ್ತು. ಪಕ್ಕಕ್ಕೆ ನಡೆಯುತ್ತಾ ಒಂದು ಕಂಬವನ್ನೇ ದಿಟ್ಟಿಸಿದರೆ ಅದರ ಅಂಚು ಜೋಡಿಯಾಗಿ ನಡುಗುವುದು ಕಾಣುತ್ತದೆ. ರಿಜಿಡ್‌ಬಾಡಿಯ (ಫಿಸಿಕ್ಸ್ ನಡೆಸುವ ವಸ್ತುವಿನ) ಇಂಟರ್‌ಪೊಲೇಷನ್ ಆನ್ ಮಾಡಿ ಹೆಜ್ಜೆಗಳ ನಡುವಿನ ಜಾಗ ತುಂಬಿಸಿ, ಕ್ಯಾಮೆರಾದ ಜಾಗವನ್ನು ಫ್ರೇಮಿನ ಉಳಿದ ಲೆಕ್ಕ ಮುಗಿದ ಮೇಲೆ ನಡೆಯುವ ಲೇಟ್ ಅಪ್‌ಡೇಟ್‌ಗೆ ಸರಿಸಿ, ತಿರುಗಿಸುವುದನ್ನು ಫಿಸಿಕ್ಸ್‌ನಿಂದ ಪೂರ್ತಿ ಹೊರಗೆ ತಂದ ಮೇಲೆ ಕಂಬ ನೆಟ್ಟಗೆ ನಿಂತಿತು. ಅರ್ಧ ದಿನದ ಕೆಲಸ.

ಎರಡನೆಯ ದೊಡ್ಡ ತಪ್ಪು ಮೌಸ್‌ನದ್ದು. ಮೌಸ್ ಕೊಡುವ ಡೆಲ್ಟಾ ಆಗಲೇ ಆ ಫ್ರೇಮಿನ ಅವಧಿಯಲ್ಲಿ ಸರಿದ ದೂರ. ಅದನ್ನು ಮತ್ತೆ ಡೆಲ್ಟಾ ಟೈಮ್‌ನಿಂದ, ಅಂದರೆ ಆ ಫ್ರೇಮಿನ ಅವಧಿಯಿಂದ, ಗುಣಿಸಿಟ್ಟಿದ್ದೆವು. 16.7 ಮಿಲಿಸೆಕೆಂಡಿನ ಫ್ರೇಮ್‌ಗಳ ನಡುವೆ ಒಂದು 40ರದ್ದು ನುಸುಳಿದರೆ ಎರಡೂವರೆ ಪಟ್ಟು ತಿರುಗಬೇಕಾದ ನೋಟ ಸುಮಾರು ಆರು ಪಟ್ಟು ಹಾರುತ್ತಿತ್ತು. ಸ್ಟಿಕ್‌ಗೆ ಆ ಗುಣಾಕಾರ ಬೇಕು, ಏಕೆಂದರೆ ಸ್ಟಿಕ್ ಕೊಡುವುದು ವೇಗ. ಎರಡಕ್ಕೂ ಒಂದೇ ಫಂಕ್ಷನ್ ಬರೆದದ್ದೇ ಎಡವಟ್ಟು. ಆ ಹಾರಾಟವನ್ನು ಮುಚ್ಚಲು ಯಾರೋ ಸ್ಮೂತಿಂಗ್ (ಹಲವು ಫ್ರೇಮ್‌ಗಳ ಚಲನೆಯನ್ನು ಬೆರೆಸಿ ನುಣುಪಾಗಿಸುವುದು) ಸೇರಿಸಿದ್ದರು. ಅದರಿಂದ ಕೈ ನಿಂತ ಮೇಲೂ ನೋಟ ಇನ್ನಷ್ಟು ಜಾರುತ್ತಿತ್ತು. ಗ್ರಾಫಿನಲ್ಲಿ ಅತಿ ಎತ್ತರದ ಗುಡ್ಡ ಅದೇ. ಮೌಸ್ ಸ್ಮೂತಿಂಗನ್ನು ಕಿತ್ತೆಸೆಯಿರಿ, ಆಯ್ಕೆಯಾಗಿಯೂ ಇಡಬೇಡಿ.

ಎಫ್‌ಒವಿ (ಕ್ಯಾಮೆರಾಕ್ಕೆ ಎಷ್ಟು ಅಗಲದ ದೃಶ್ಯ ಕಾಣುತ್ತದೆ ಎಂಬ ಕೋನ) ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಯಾವ ದಿಕ್ಕಿನದ್ದು ಎಂದು ಹೇಳುವವರು ಕಡಿಮೆ. ಯೂನಿಟಿಯ ಡೀಫಾಲ್ಟ್ 60 ಲಂಬ ಕೋನ, ಇನ್ನೊಂದು ಎಂಜಿನ್ ಅನ್‌ರಿಯಲ್‌ನ 90 ಅಡ್ಡ ಕೋನ. 16:9 ಪರದೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ನಮ್ಮ ಡಿಸೈನರ್ 90 ಎಂದು ಕೇಳಿದರು, ಅದು ಲಂಬದ ಖಾನೆಗೆ ಹೋಯಿತು. ಅಡ್ಡ ಕೋನ 121 ಆಗಿ, ತಿರುಗಿದಾಗಲೆಲ್ಲ ಪರದೆಯ ಅಂಚು ರಬ್ಬರಿನಂತೆ ಎಳೆದುಕೊಳ್ಳುತ್ತಿತ್ತು. ಎರಡು ವಾರದ ಪ್ಲೇಟೆಸ್ಟ್ (ಜನರಿಂದ ಆಡಿಸಿ ನೋಡುವುದು) ಫಲಿತಾಂಶವನ್ನೇ ಎಸೆಯಬೇಕಾಯಿತು. ಇನ್ನು ಕೂರುವ ದೂರ: 60 ಸೆಂಟಿಮೀಟರ್ ಅಗಲದ ಮಾನಿಟರ್ ಮುಂದೆ ಅಷ್ಟೇ ದೂರದಲ್ಲಿ ಕೂತರೆ ಅದು ಕಣ್ಣಿಗೆ 53 ಡಿಗ್ರಿ. 120 ಸೆಂಟಿಮೀಟರ್ ಅಗಲದ ಟಿವಿ ಎರಡೂವರೆ ಮೀಟರ್ ದೂರದಲ್ಲಿ ಬರೀ 27. ಹಾಗಾಗಿ ಡೀಫಾಲ್ಟ್ ಎರಡು ಇಟ್ಟೆವು: ಮೇಜಿನ ಮುಂದೆ ಕೂರುವವರಿಗೆ ಅಡ್ಡ 100ರ ಆಸುಪಾಸು, ಸೋಫಾದವರಿಗೆ 75ರ ಆಸುಪಾಸು. ಓಡುವಾಗ ಎಫ್‌ಒವಿ ಹಿಗ್ಗಿಸುವುದು ತೆಗೆದೇ ಹೋಯಿತು.

ಹೆಡ್ ಬಾಬ್, ಅಂದರೆ ನಡೆಯುವಾಗ ಹೆಜ್ಜೆಗೆ ತಕ್ಕಂತೆ ಕ್ಯಾಮೆರಾ ಮೇಲೆ-ಕೆಳಗೆ ಕುಣಿಯುವ ವಿಷಯದಲ್ಲಿ ಜಗಳವೇ ಆಯಿತು. ನಾಲ್ಕು ಸೆಂಟಿಮೀಟರ್ ಇದ್ದದ್ದನ್ನು ಎರಡು ಮಾಡಿದೆವು, ಒಂದು ಮಾಡಿದೆವು, ದೂರು ನಿಲ್ಲಲಿಲ್ಲ. ಸೊನ್ನೆ ಮಾಡಿ ಆ ಇಡೀ ಕುಣಿತವನ್ನು ಕೈ ಮತ್ತು ಆಯುಧದ ಮಾಡೆಲ್‌ಗೆ ವರ್ಗಾಯಿಸಿ, ಹೆಜ್ಜೆ ಸದ್ದನ್ನು ಗಟ್ಟಿ ಮಾಡಿದಾಗ, ಕ್ಯಾಮೆರಾ ನಿಂತಿದೆ ಎಂದು ಪ್ಲೇಟೆಸ್ಟ್‌ನಲ್ಲಿ ಒಬ್ಬರೂ ಗುರುತಿಸಲಿಲ್ಲ. ವಾದ ಮುಗಿದದ್ದು ಅಲ್ಲಿ. ಮೆಟ್ಟಿಲಿಗೆ 18 ಸೆಂಟಿಮೀಟರಿನ ಕೊಲೈಡರ್ (ಪಾತ್ರ ತಾಗುವ, ಕಣ್ಣಿಗೆ ಕಾಣದ ಆಕಾರ) ಇದ್ದರೆ ಓಡುವಾಗ ಎತ್ತರದ ಕಾಲಂ ಗರಗಸದ ಹಲ್ಲಿನಂತೆ ಕಾಣುತ್ತದೆ. ಮೇಲೆ ಕಣ್ಣಿಗೆ ಕಾಣದ ಇಳಿಜಾರು ಹಾಸಿ. ಪಕ್ಕಕ್ಕೆ ನಡೆದಾಗ ಎರಡು ಡಿಗ್ರಿ ಓರೆಯಾಗುವುದು, ಏಟು ಬಿದ್ದಾಗ ನೋಟ ತಿರುಗುವುದು ಎಲ್ಲ ಸೊನ್ನೆ. ಏಟಿಗೆ ಪರದೆಯ ಅಂಚು ಕೆಂಪಾದರೆ ಸಾಕು. ಚಲಿಸುವಾಗ ಚಿತ್ರ ಮಸುಕಾಗಿಸುವ ಮೋಷನ್ ಬ್ಲರ್ ಡೀಫಾಲ್ಟ್ ಆಗಿ ಆಫ್.

ಪಕ್ಕದ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. 2008ರ ಮಿರರ್ಸ್ ಎಡ್ಜ್ ಆಟದಲ್ಲಿ ತಲೆಸುತ್ತು ಕಡಿಮೆಯಾಗಲಿ ಎಂದೇ ಪರದೆಯ ನಡುವೆ ಚುಕ್ಕಿ ಇಟ್ಟಿದ್ದರು. ನಾವೂ ಇಟ್ಟೆವು: 1080ಪಿಯಲ್ಲಿ ನಾಲ್ಕು ಪಿಕ್ಸೆಲ್, ಅರ್ಧ ಪಾರದರ್ಶಕ. ಕೆಲಸ ಮಾಡುತ್ತದೆ, ಖರ್ಚೂ ಇಲ್ಲ. 2015ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದವರು ವಿಆರ್‌ನಲ್ಲಿ (ತಲೆಗೆ ಹಾಕುವ ಪರದೆಯ ವರ್ಚುವಲ್ ರಿಯಾಲಿಟಿಯಲ್ಲಿ) ಮೂಗು ತೋರಿಸಿ ನೋಡಿದ್ದನ್ನು ಓದಿ ಮಾನಿಟರ್‌ನಲ್ಲೂ ಮೂಗು ಬಿಡಿಸಿದೆವು. ಅಡ್ಡ ಬಂದದ್ದೇ ಲಾಭ. ಆಡುವವರ ಮುಖಕ್ಕೆ ಚಿಕ್ಕ ಫ್ಯಾನ್ ಹಾಕಿದಾಗ ಜನ ಹೆಚ್ಚು ಹೊತ್ತು ತಾಳಿದರು. ಟೆಸ್ಟ್ ಕೋಣೆಯಲ್ಲಿ ಫ್ಯಾನ್ ಇದ್ದರೆ ಎಲ್ಲ ದಿನವೂ ಒಂದೇ ವೇಗದಲ್ಲಿರಲಿ, ಇಲ್ಲದಿದ್ದರೆ ಎರಡು ಬಿಲ್ಡ್‌ಗಳನ್ನು ಹೋಲಿಸಲು ಬರುವುದಿಲ್ಲ.

ವಿಆರ್ ಆವೃತ್ತಿಯಲ್ಲಿ 90 ಹರ್ಟ್ಸ್‌ಗೆ ಪ್ರತಿ ಫ್ರೇಮಿಗೆ ಸಿಗುವುದು 11.1 ಮಿಲಿಸೆಕೆಂಡ್, ಅದರಲ್ಲಿ ಒಂದೂವರೆ ಉಳಿಸಿಕೊಂಡೇ ದೃಶ್ಯ ಕಟ್ಟಿದೆವು. ತಿರುಗುವುದಕ್ಕೆ 30 ಡಿಗ್ರಿಯ ಸ್ನ್ಯಾಪ್, ಅಂದರೆ ಒಮ್ಮೆಗೇ ಅಷ್ಟು ಜಿಗಿತ. ನಡೆಯಲು ಶುರುಮಾಡಿದಾಗ ನಿಧಾನ ವೇಗ ಏರಿಸುವುದು ಸೌಮ್ಯ ಅನ್ನಿಸಿದರೂ ಹೊಟ್ಟೆ ತೊಳಸುವುದು ಆ ಒಂದು ಸೆಕೆಂಡಿನ ಏರಿಕೆಯೇ. ಒಮ್ಮೆಲೇ ಪೂರ್ತಿ ವೇಗ ಕೊಡಿ. ಚಲಿಸುವಾಗ ಅಂಚು ಕಪ್ಪಾಗಿಸುವ ವಿನ್ಯೆಟ್ ಕೆಲಸ ಮಾಡುತ್ತದೆ ಎಂದು ಕೊಲಂಬಿಯಾ ವಿಶ್ವವಿದ್ಯಾಲಯದ ಫರ್ನಾಂಡಿಸ್ ಮತ್ತು ಫೈನರ್ 2016ರಲ್ಲೇ ತೋರಿಸಿದ್ದಾರೆ. ಅದು ಎಷ್ಟು ಬೇಗ ಮುಚ್ಚಬೇಕು, ಎಷ್ಟು ನಿಧಾನ ತೆರೆಯಬೇಕು ಎಂಬ ನಮ್ಮ ಕರ್ವ್ ಮಾತ್ರ ಇಲ್ಲಿ ಕೊಡುವುದಿಲ್ಲ. ಮುಂದಿನ ಆಟಕ್ಕೂ ಅದೇ ಬಂಡವಾಳ. ಮುಚ್ಚುವ ಮತ್ತು ತೆರೆಯುವ ಸಮಯ ಒಂದೇ ಇರಬಾರದು ಎಂಬಷ್ಟು ಹೇಳಬಲ್ಲೆ.

ಖರ್ಚಿನ ದೊಡ್ಡ ಪಾಲು ಟೆಸ್ಟಿಂಗ್‌ನದ್ದು. ತಂಡದವರು ಆಡಿ ಪ್ರಯೋಜನವಿಲ್ಲ, ಎಲ್ಲರಿಗೂ ಅಭ್ಯಾಸವಾಗಿರುತ್ತದೆ. ಹೊರಗಿನವರನ್ನೂ ಒಂದು ದಿನಕ್ಕೆ ಒಂದೇ ಬಿಲ್ಡ್‌ಗೆ ಕೂರಿಸಬಹುದು, ಒಮ್ಮೆ ವಾಕರಿಕೆ ಬಂದವರಿಗೆ ಮರುದಿನವೂ ರಜೆ. ಒಂದು ಸುತ್ತಿಗೆ ಎರಡು ವಾರ, ಇಬ್ಬರ ಸಂಬಳ. ಅಂಥ ಏಳು ಸುತ್ತು. ಕೇಳುವುದಕ್ಕೆ 1993ರ ಕೆನಡಿ ತಂಡದ ಎಸ್‌ಎಸ್‌ಕ್ಯೂ (ಸಿಮ್ಯುಲೇಟರ್‌ನಲ್ಲಿ ಬರುವ ತಲೆಸುತ್ತು, ವಾಕರಿಕೆಯ ಪ್ರಶ್ನಾವಳಿ) ಸಾಕು: 16 ಲಕ್ಷಣ, ಪ್ರತಿಯೊಂದಕ್ಕೂ 0ಯಿಂದ 3. ಆಟದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ. ನಡುನಡುವೆ ಕೇಳಿದರೆ ಕೇಳಿದ್ದಕ್ಕೇ ತಲೆ ಸುತ್ತುತ್ತದೆ. ಬೇಗ ಎದ್ದವರು ತಲೆಸುತ್ತು ಎಂದು ಹೇಳುವುದಿಲ್ಲ, ಆಟ ಸಪ್ಪೆ ಎನ್ನುತ್ತಾರೆ. ಹಣೆಯ ಬೆವರು ನೋಡಿ ತಿಳಿದುಕೊಳ್ಳಬೇಕು.

ಆಯ್ಕೆಗಳನ್ನು ಸೆಟ್ಟಿಂಗ್ಸ್‌ನ ಮೂರನೇ ಪುಟದಲ್ಲಿ ಹೂತಿಡಬೇಡಿ. ಬೇಕಾದವರು ಅಲ್ಲಿಗೆ ತಲುಪುವ ಮೊದಲೇ ಆಟ ಬಿಟ್ಟಿರುತ್ತಾರೆ. ಮೊದಲ ಸಲ ಆಟ ತೆರೆದಾಗ, ಒಂದೂ 3ಡಿ ದೃಶ್ಯ ಕಾಣುವ ಮುಂಚೆ ಕೇಳಿ. ನಮ್ಮ ಮುಖ್ಯ ಮೆನುವಿನ ಹಿಂದೆಯೇ ಕ್ಯಾಮೆರಾವೊಂದು ತೇಲುತ್ತಿತ್ತು, ಅದನ್ನೂ ನಿಲ್ಲಿಸಿದೆವು.

ಥರ್ಡ್ ಪರ್ಸನ್‌ನಲ್ಲಿ, ಅಂದರೆ ಪಾತ್ರವನ್ನು ಹಿಂದಿನಿಂದ ತೋರಿಸುವ ನೋಟದಲ್ಲಿ, ಒಂದು ಬಾಕಿ ಇದೆ. ಪಾತ್ರ ಗೋಡೆಗೆ ಒರಗಿದಾಗ ಕ್ಯಾಮೆರಾ ಥಟ್ಟನೆ ಮುಂದೆ ನುಗ್ಗುತ್ತದೆ. ಸದ್ಯಕ್ಕೆ ಗೋಡೆಯನ್ನೇ ಪಾರದರ್ಶಕ ಮಾಡಿ ಕ್ಯಾಮೆರಾವನ್ನು ಇದ್ದಲ್ಲೇ ಬಿಟ್ಟಿದ್ದೇವೆ. ಕಿರಿದಾದ ಕಾರಿಡಾರುಗಳಲ್ಲಿ ಇನ್ನೂ ಸರಿಬಂದಿಲ್ಲ.