ಹರಿಹರದ ಹೊಳೆದಂಡೆಯಲ್ಲಿ ಎರಡು ದಿನ: ಕುಟುಂಬದ ಪ್ರವಾಸಕ್ಕೊಂದು ಕೈಪಿಡಿ

ದಾವಣಗೆರೆಯಲ್ಲಿ ತಂಗಿ, ಶನಿವಾರ ಬೆಳಿಗ್ಗೆ ಬಿಸಿಲೇರುವ ಮುನ್ನವೇ ಸುಮಾರು 14 ಕಿ.ಮೀ. ದೂರದ ಹರಿಹರಕ್ಕೆ ಹೊರಡಿ. ಬಸ್ಸು, ರೈಲು ಎರಡೂ ಇವೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ, ಬಲಭಾಗ ಶಿವನಾಗಿ ಎಡಭಾಗ ವಿಷ್ಣುವಾಗಿ ನಿಂತ ಮೂರ್ತಿಯನ್ನು ಮಕ್ಕಳಿಗೆ ತೋರಿಸಿ, ಯಾವ ಕೈಯಲ್ಲಿ ಯಾವ ಆಯುಧವಿದೆಯೆಂದು ಅವರಿಂದಲೇ ಹೇಳಿಸಬೇಕು. ಕಡೆದ ಕಂಬಗಳ ಮಂಟಪದಲ್ಲಿ, ಹಳಗನ್ನಡದ ಶಾಸನಗಳೆದುರು ಅವಸರ ಮಾಡಬೇಡಿ. ನನ್ನ ಮಟ್ಟಿಗೆ ಇಡೀ ಪ್ರವಾಸದ ಸಾರ ಅಲ್ಲಿಯೇ ಇದೆ. ಬಳಿಕ ತುಂಗಭದ್ರೆಯ ದಂಡೆಗೆ ನಡೆದುಹೋಗಬಹುದು. ಮಳೆಗಾಲದಲ್ಲಿ ಸೆಳೆತ ಜೋರಾಗಿರುವುದರಿಂದ ಮಕ್ಕಳನ್ನು ನೀರಿಗಿಳಿಸಲೇಬಾರದು.

ಸಂಜೆ ದಾವಣಗೆರೆಗೆ ಮರಳಿ ಬೆಣ್ಣೆ ದೋಸೆ ತಿನ್ನಿ.

ಭಾನುವಾರಕ್ಕೆ ಕಾರು ಗೊತ್ತುಮಾಡಿಕೊಂಡು, ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋಗಿ, ಪಾಳೆಯಗಾರ ಹನುಮಪ್ಪ ನಾಯಕನ ಕಾಲದ ಪುಷ್ಕರಣಿಯನ್ನೂ ಅದರ ನಡುವಿನ ವಸಂತ ಮಂಟಪವನ್ನೂ ದಡದ ಮುಸಾಫಿರ್‌ಖಾನೆಯನ್ನೂ (ಪ್ರಯಾಣಿಕರ ತಂಗುಮನೆ) ನೋಡಿ. ಮೆಟ್ಟಿಲುಗಳು ಕಡಿದಾಗಿರುವುದರಿಂದ ಹಿರಿಯರು ಮೇಲೆಯೇ ಕುಳಿತು ನೋಡುವುದು ಒಳ್ಳೆಯದು. ಅಲ್ಲಿಂದ ಶಾಂತಿಸಾಗರಕ್ಕೆ, ಅಂದರೆ ನಮ್ಮವರ ಬಾಯಲ್ಲಿನ ಸೂಳೆಕೆರೆಗೆ, ಮಧ್ಯಾಹ್ನದ ಬುತ್ತಿಯೊಂದಿಗೆ ಹೋದರೆ, ಏರಿಯ ಮೇಲಿನ ಗಾಳಿಯಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ.